ಹಠವೋ, ಅಗತ್ಯವೋ?

ಬೌದ್ಧಿಕ ನ್ಯೂನತೆ ಅಥವಾ ಆಟಿಸಮ್ ಇರುವ ಮಗುವನ್ನು ವಿಶೇಷ ಶಾಲೆಗೋ ಪಾಲನಾಗೃಹಕ್ಕೋ ಸೇರಿಸುವಾಗ ತಂದೆತಾಯಿಗಳೂ ಸಂಸ್ಥೆಯವರೂ ಒಂದು ಒಪ್ಪಂದಕ್ಕೆ ರುಜು ಹಾಕುವುದುಂಟು. ಶುಲ್ಕ, ಊಟ, ಔಷಧಗಳ ವಿಷಯದಲ್ಲಿ ಲೇಖನಿ ಚುರುಕಾಗಿ ಓಡುತ್ತದೆ. ಮಗುವಿನ ವರ್ತನೆಯ ಅಂಕಣದಲ್ಲಿ ಮಾತ್ರ ‘ಹಠಮಾರಿ’, ‘ಹೊಡೆಯುತ್ತಾನೆ’, ‘ಹೇಳಿದ್ದನ್ನು ಕೇಳುವುದಿಲ್ಲ’ ಎಂದಷ್ಟೇ ಬರೆದರೆ ಅದನ್ನು ಅಗತ್ಯದ ನಿರೂಪಣೆಯೆಂದು ನಾನು ಒಪ್ಪಲಾರೆ. ಅದು ದೂರು. ವೈದ್ಯನು ‘ಈತ ನರಳುತ್ತಾನೆ’ ಎಂದಷ್ಟೇ ಬರೆದು ಔಷಧ ಕೊಟ್ಟರೆ ನಾವು ಸುಮ್ಮನಿರುವೆವೇ?

ಈ ವಿಚಾರದಲ್ಲಿ 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಮನನೀಯವಾದುದು. ಪಾಠದ ವೇಳೆ ರಂಪ ಮಾಡುತ್ತಿದ್ದ ನಾಲ್ವರು ಮಕ್ಕಳನ್ನು ಅವರು ಗಮನಿಸಿದರು. ಕೆಲವರ ರಂಪ ಪಾಠ ಕಠಿಣವಾದಾಗ ಹೆಚ್ಚುತ್ತಿತ್ತು. ಕೆಲವರದು ಉಪಾಧ್ಯಾಯರ ಗಮನ ಕಡಿಮೆಯಾದಾಗ. ಮೊದಲನೆಯವರಿಗೆ ‘ನನಗೆ ತಿಳಿಯಲಿಲ್ಲ’ ಎನ್ನಲು ಕಲಿಸಿದರು. ಎರಡನೆಯವರಿಗೆ ತಮ್ಮ ಕೆಲಸ ಚೆನ್ನಾಗಿದೆಯೇ ಎಂದು ಕೇಳಲು ಕಲಿಸಿದರು. ತಕ್ಕ ಮಾತು ತಕ್ಕ ಮಗುವಿಗೆ ದೊರೆತಾಗ ರಂಪ ಇಳಿಯಿತು. ಅದಲು ಬದಲಾದಾಗ ಇಳಿಯಲಿಲ್ಲ. ಹೊರನೋಟಕ್ಕೆ ಒಂದೇ ಆಗಿ ಕಂಡ ರಂಪದ ಹಿಂದೆ ಎರಡು ಬೇರೆ ಅಗತ್ಯಗಳಿದ್ದುವು. ‘ಹಠಮಾರಿ’ ಎಂಬ ಒಂದೇ ಪದ ಎರಡನ್ನೂ ನುಂಗಿಬಿಡುತ್ತಿತ್ತು!

ಆ ದೇಶದಲ್ಲಿ 1975ರ ಕಾಯಿದೆಯಿಂದಲೇ ಇಂಥ ಪ್ರತಿ ಮಗುವಿಗೂ ಲಿಖಿತ ಶಿಕ್ಷಣ ಯೋಜನೆ ಕಡ್ಡಾಯ. ವರ್ತನೆಯು ಕಲಿಕೆಗೆ ಅಡ್ಡಿಯಾದರೆ ಶಿಕ್ಷೆಯ ಬದಲು ನೆರವಿನ ಉಪಾಯಗಳನ್ನು ಯೋಚಿಸಬೇಕೆಂಬ ನಿಯಮ 1997ರಲ್ಲಿ ಸೇರಿತು. ಇಂಗ್ಲೆಂಡಿನವರಾದರೋ 2014ರ ಸಂಹಿತೆಯಲ್ಲಿ ಅಗತ್ಯಗಳ ವರ್ಗದ ಹೆಸರಿನಿಂದ ‘ವರ್ತನೆ’ ಎಂಬ ಪದವನ್ನೇ ತೆಗೆದು ‘ಸಾಮಾಜಿಕ, ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯ’ ಎಂದು ಬರೆದರು. ಹೆಸರು ಬದಲಾದ ಮಾತ್ರಕ್ಕೆ ನೋಟ ಬದಲಾಗುವುದೆಂದು ನಂಬುವಷ್ಟು ಮುಗ್ಧ ನಾನಲ್ಲ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಶಾಲೆಗಳು ಮಗುವಿಗೆ ಬೇಕಾದ ಬೆಂಬಲ ಕೊಡಬೇಕೆನ್ನುತ್ತದೆ. ಆ ಬೆಂಬಲ ಯಾವುದೆಂದು ಗೊತ್ತಾಗುವಂತೆ ಬರೆಯುವ ಹೊಣೆ ಒಪ್ಪಂದ ಮಾಡಿಕೊಳ್ಳುವವರ ಮೇಲೆಯೇ ಬೀಳುತ್ತದೆ.

ಹೊಡೆತ ತಿನ್ನುವ ಪಕ್ಕದ ಮಗುವಿನ ಗತಿಯೇನು, ಉಪಾಧ್ಯಾಯರಿಗೆ ಬಿಡುವೆಲ್ಲಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ‘ಆಕ್ರಮಣಶೀಲ’ ಎಂದು ಬರೆದುದರಿಂದ ಆ ಪಕ್ಕದ ಮಗುವಿಗೆ ಯಾವ ರಕ್ಷಣೆ ದೊರೆಯಿತು? ‘ಊಟದ ಗಂಟೆ ಬಾರಿಸಿದಾಗ ಕಿವಿ ಮುಚ್ಚಿಕೊಂಡು ಹತ್ತಿರವಿದ್ದವರನ್ನು ತಳ್ಳುತ್ತಾನೆ, ಮುಂಚಿತವಾಗಿ ಹೊರಗೆ ಕರೆದೊಯ್ದರೆ ತಳ್ಳುವುದಿಲ್ಲ’ ಎಂದು ಬರೆದಿದ್ದರೆ ಇಬ್ಬರೂ ಉಳಿಯುತ್ತಿದ್ದರು. ಮೊದಲನೆಯ ಬರವಣಿಗೆ ಉಪಯೋಗಕ್ಕೆ ಬರುವುದು ಮಗುವನ್ನು ಹೊರಗೆ ಹಾಕುವ ದಿನ ಮಾತ್ರ.

ಅಕ್ಷರ ಬಾರದ ಮನೆಯಿಂದ ಬಂದವರಿಗೆ ಇನ್ನೊಂದು ಸಂಗತಿ ಗೊತ್ತು. ನಮ್ಮ ಹಿರಿಯರು ಕಾಗದದಲ್ಲಿ ಏನಿದೆಯೆಂದು ಕೇಳದೆ ಹೆಬ್ಬೆಟ್ಟು ಒತ್ತುತ್ತಾರೆ. ಕೇಳುವುದು ಅವಿನಯವೆಂದು ಭಾವಿಸುತ್ತಾರೆ. ಮಗು ಯಾವಾಗ ಏಕೆ ಅರಚುತ್ತದೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆ ತಾಯಿಯೇ. ಒಪ್ಪಂದವನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿ, ಅವಳು ಹೇಳಿದುದನ್ನು ಅವಳ ಮಾತಿನಲ್ಲೇ ವರ್ತನೆಯ ಅಂಕಣದಲ್ಲಿ ಬರೆದುಕೊಂಡು, ಅನಂತರ ಶಾಯಿಯ ಡಬ್ಬಿ ಮುಂದಿಡಲಿ.