ಜಿಡ್ಡೆಲ್ಲ ಒಂದೇ ಅಲ್ಲ

"ಎಣ್ಣೆಯಾದರೇನು, ಗ್ರೀಸಾದರೇನು, ಜಿಡ್ಡು ಜಿಡ್ಡೇ ಅಲ್ಲವೇ ಮೇಷ್ಟ್ರೇ?" ಹಳೆಯ ಕಾರುಗಳ ಅಭಿಮಾನಿಗಳಿಂದಲೇ ಈ ಮಾತನ್ನು ಕೇಳಿದ್ದೇನೆ. ಇದನ್ನು ನಾನು ಒಪ್ಪಲಾರೆ.

1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಟ್ರಯಂಫ್ ಸ್ಪಿಟ್‌ಫೈರ್ ಕಾರನ್ನೇ ನೋಡಿ. ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿಯು 'ಟ್ರನಿಯನ್' ಎಂಬ ಬಿಡಿಭಾಗದೊಳಗೆ ತಿರುಪಿನಂತೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್‌ಗಳು ಒಂದಕ್ಕೊಂದು ಉಜ್ಜುತ್ತವೆ. ಇದಕ್ಕೆ ಬೇಕಾದುದು 90 ದರ್ಜೆಯ ಗೇರ್ ಎಣ್ಣೆ. ಗ್ರೀಸ್ ಆ ಕಿರಿದಾದ ಸಂದಿಗಳಿಗೆ ಇಳಿಯದೆ, ಗಟ್ಟಿಯಾಗಿ ಎಣ್ಣೆಯ ದಾರಿಯನ್ನೂ ಮುಚ್ಚುತ್ತದೆ. ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ತುಂಡಾಗಿ ಚಕ್ರ ಮಗುಚುತ್ತದೆ.

"ಗ್ರೀಸ್ ಹಾಕಿಯೂ ವರ್ಷಗಟ್ಟಲೆ ಓಡಿಸಿದ್ದೇವೆ" ಎನ್ನುವವರಿದ್ದಾರೆ. ಒಳಗಿನ ತುಕ್ಕು ಹೊರಗಿನವರಿಗೆ ಕಾಣುವುದಿಲ್ಲ. ಓಡಿದ್ದು ಸಾಕ್ಷಿಯಲ್ಲ, ಅದೃಷ್ಟ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಇದೇ ಜೋಡಣೆ ಇರುವುದರಿಂದ ಇದು ಪರದೇಶದ ಕಥೆ ಮಾತ್ರವಲ್ಲ.

ಮಹನೀಯರೇ, ಗ್ರೀಸ್ ಗನ್ನನ್ನು ಬಿಸಾಡಬೇಕಿಲ್ಲ. ಅದರಲ್ಲಿ ಎಣ್ಣೆ ತುಂಬಿ, ಹೊಸ ಎಣ್ಣೆ ಮೇಲಿನಿಂದ ಜಿನುಗುವ ತನಕ ಒತ್ತಿರಿ. ಬಣ್ಣ, ಹೊಳಪುಗಳಿಗೆ ಸಾವಿರಾರು ರೂಪಾಯಿ ಸುರಿಯುವವರು ಜೀವ ಕಾಯುವ ಕೆಲಸಕ್ಕೆ ಅರ್ಧ ತಾಸು ಕೊಡಲಾರರೇ?