ಗೇಟಿನ ಲೆಕ್ಕ, ಗುಡ್ಡದ ಲೆಕ್ಕ

ಕುದುರೆಮುಖ ಶಿಖರದ ಚಾರಣ ಇಂದು ರಾಜ್ಯದ ಅತ್ಯಂತ ಜನಪ್ರಿಯ ಕಾಲ್ನಡಿಗೆಗಳಲ್ಲೊಂದು. ಕಳಸದ ಬಳಿಯ ಸಂಸೆಯ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿ ತಲುಪಿ, ಅಲ್ಲಿಂದ ಹಳ್ಳಗಳನ್ನು ದಾಟಿ, ಶೋಲಾ ಕಾಡಿನ ನೆರಳಿನಲ್ಲಿ ನುಸುಳಿ, ಹುಲ್ಲಿನ ಏರುಗಳನ್ನು ಹತ್ತಿ, ಸುಮಾರು 1,890 ಮೀಟರ್ ಎತ್ತರದ ನೆತ್ತಿ ಮುಟ್ಟಿ ಸಂಜೆಯೊಳಗೆ ಹಿಂದಿರುಗಬೇಕು. ಹೋಗಿಬರಲು ಹತ್ತಿರ ಹತ್ತಿರ 20 ಕಿಲೋಮೀಟರ್. ಇಂಥ ನಡಿಗೆಯ ಸುಖವನ್ನು ಅಲ್ಲಗಳೆಯುವವರಿಲ್ಲ. ಗುಡ್ಡವನ್ನು ಕಾಲಿನಿಂದ ಅರಿತವರು ನಾಳೆ ಅದರ ಪರವಾಗಿ ದನಿಯೆತ್ತಿಯಾರು ಎಂಬ ಆಸೆಯೂ ಸುಳ್ಳಲ್ಲ. ಆದರೆ ಎಷ್ಟು ಜನ, ಯಾವ ತಿಂಗಳಲ್ಲಿ, ಯಾರ ಒಪ್ಪಿಗೆಯಿಂದ ಎಂಬ ಮೂರು ಪ್ರಶ್ನೆಗಳನ್ನು ಇನ್ನು ಮುಂದೂಡುವಂತಿಲ್ಲ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂಥ ಜನಸಂದಣಿ ನೆರೆಯಿತು. ಅದರ ಚಿತ್ರಗಳು ನಾಡಿನಾದ್ಯಂತ ಹರಿದಾಡಿದ ಮೇಲೆ, ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ಹೊಸ ನೋಂದಣಿ ವ್ಯವಸ್ಥೆ ಬಂದು, ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂಬ ಮಿತಿಯೂ ಬಂದಿತು. ಮಿತಿಯೇ ಇಲ್ಲದಿದ್ದ ಸ್ಥಿತಿಗೆ ಹೋಲಿಸಿದರೆ ಇದು ಒಳ್ಳೆಯ ಹೆಜ್ಜೆಯೇ ಸರಿ. ಆದರೆ ಬಂಡೆಯ ದಾರಿಗೂ, ಹುಲ್ಲಿನ ಇಳಿಜಾರಿಗೂ, ಜೌಗಿನ ಕಣಿವೆಗೂ ಒಂದೇ ಸಂಖ್ಯೆ ಹೇಗೆ ಹೊಂದೀತು? ಮುನ್ನೂರು ಎಂಬುದು ಗೇಟಿನಲ್ಲಿ ಎಣಿಸಲು ಅನುಕೂಲವಾದ ಲೆಕ್ಕ. ಗುಡ್ಡ ತಾಳಿಕೊಳ್ಳುವ ಲೆಕ್ಕವಲ್ಲ.

ಗುಡ್ಡದ ಲೆಕ್ಕ ಆರಂಭವಾಗುವುದು ಹುಲ್ಲಿನ ಬೇರಿನಿಂದ. ಹೊರಗಿನವರ ಕಣ್ಣಿಗೆ ಬೋಳಾಗಿ ಕಾಣುವ ಈ ಹುಲ್ಲುಗಾವಲಿನ ಮೇಲ್ಮಣ್ಣು ಬಹಳ ತೆಳು. ಅದನ್ನು ಹಿಡಿದಿಟ್ಟಿರುವುದು ಚಾಪೆಯಂತೆ ಹೆಣೆದುಕೊಂಡ ಬೇರಿನ ಜಾಲ. ಬಿರುಮಳೆಯ ಏಟನ್ನು ಹುಲ್ಲು ತಡೆದುಕೊಂಡು, ನೀರು ನಿಧಾನವಾಗಿ ಇಂಗಿ, ಮಡಿಕೆಗಳಲ್ಲಿರುವ ಶೋಲಾ ಕಾಡಿನ ಬುಡ ಸೇರಿ, ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರ ಮೂಲವಾದ ಗಂಗಾಮೂಲ ಇದೇ ರಾಷ್ಟ್ರೀಯ ಉದ್ಯಾನದಲ್ಲಿದೆ. ಒಂದೇ ಜಾಡಿನಲ್ಲಿ ದಿನವೂ ನೂರಾರು ಬೂಟುಗಳು ತುಳಿದಾಗ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದನ್ನು ಬಿಟ್ಟು ದಾರಿಯುದ್ದಕ್ಕೂ ಓಡತೊಡಗುತ್ತದೆ. ಮಳೆ ಹೆಚ್ಚಿದಂತೆ ಕಾಲುದಾರಿಯೇ ಚರಂಡಿಯಾಗುತ್ತದೆ. ಕೆಸರಿಗೆ ಹೆದರಿದ ಚಾರಣಿಗ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಅಲ್ಲಿ ಎರಡನೆಯ ಜಾಡು, ಅದರಾಚೆ ಮೂರನೆಯದು. ಹೀಗೆ ಒಬ್ಬರು ನಡೆಯುವಷ್ಟಿದ್ದ ದಾರಿ ಗಾಡಿ ಹೋಗುವಷ್ಟು ಅಗಲವಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಹಳ್ಳಕ್ಕೆ.

ಹೂಳು ಎಂದರೇನೆಂದು ಭದ್ರೆಯ ದಂಡೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಅದಿರಿನ ಗಣಿಯ ವಿರುದ್ಧ ನಡೆದ ಹೋರಾಟದಲ್ಲಿ ಹೊಳೆಯ ನೀರಿನ ಬಣ್ಣವೇ ಒಂದು ಸಾಕ್ಷಿಯಾಗಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗುಡ್ಡವನ್ನೇ ಬಗೆದ ಆ ಯಂತ್ರಗಳೊಡನೆ ಚಾರಣಿಗನ ಬೂಟನ್ನು ಸರಿದೂಗಿಸುವುದು ಹಾಸ್ಯಾಸ್ಪದ. ಆದರೆ ನೀರಿನ ಬಣ್ಣ ನೋಡುವ ಅಭ್ಯಾಸವನ್ನು ಗಣಿಯೊಂದಿಗೇ ಕೈಬಿಡಬೇಕೆಂದೇನೂ ಇಲ್ಲವಲ್ಲ.

ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ದಾರಿ ಮುಚ್ಚುವುದು ರೂಢಿಯಲ್ಲಿದೆ. ಮಳೆ ವಿಪರೀತವಾದಾಗ ಕೆಲವು ದಿನ ಮುಚ್ಚುವುದೂ ಉಂಟು. ಅದು ಚಾರಣಿಗನ ಜೀವರಕ್ಷಣೆಗಾಗಿ, ಮಣ್ಣಿನ ರಕ್ಷಣೆಗಾಗಿ ಅಲ್ಲ. ಹಸಿರು ಉಕ್ಕುವ, ಮಂಜು ಕವಿಯುವ ಮಳೆಗಾಲವೇ ಹೊರಗಿನವರಿಗೆ ಆಕರ್ಷಣೆಯ ಕಾಲ, ಮಣ್ಣು ಅತ್ಯಂತ ದುರ್ಬಲವಾಗಿರುವ ಕಾಲವೂ ಅದೇ. ಮಲೆನಾಡಿನ ರೈತ ಆಷಾಢದಲ್ಲಿ ಗದ್ದೆಯಂಚಿನ ಮೇಲೆ ಸುಮ್ಮನೆ ಓಡಾಡುವುದಿಲ್ಲ, ಯಾರಾದರೂ ಓಡಾಡಿದರೆ ಗದರಿಸದೆ ಬಿಡುವುದೂ ಇಲ್ಲ. ಪೆರು ದೇಶದಲ್ಲಿ ಮಾಚು ಪಿಚುವಿಗೆ ಹೋಗುವ ಪ್ರಖ್ಯಾತ ಇಂಕಾ ಕಾಲುದಾರಿಯನ್ನು ಮಳೆ ಬಿರುಸಾಗಿರುವ ಫೆಬ್ರವರಿ ತಿಂಗಳು ಪೂರ್ತಿ ಮುಚ್ಚಿ ದುರಸ್ತಿ ಮಾಡುತ್ತಾರೆ. ಅಲ್ಲಿ ದಿನಕ್ಕೆ 500 ಮಂದಿ ಎಂಬ ಮಿತಿಯಲ್ಲಿ ಮಾರ್ಗದರ್ಶಿಗಳೂ ಹೊರೆ ಹೊರುವವರೂ ಸೇರಿರುತ್ತಾರೆ. ನಮ್ಮ ದೇಶದಲ್ಲೇ ಉತ್ತರಾಖಂಡದ ಉಚ್ಚ ನ್ಯಾಯಾಲಯ 2018ರಲ್ಲಿ ಹಿಮಾಲಯದ ಬುಗ್ಯಾಲ್ ಎಂಬ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು.

ಇನ್ನು ಒಪ್ಪಿಗೆಯ ಪ್ರಶ್ನೆ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಂದಿನಿಂದ ಒಳಗಿನ ಊರುಗಳವರು ರಸ್ತೆಗೆ ಜಲ್ಲಿ ಹಾಕಲೂ ಅನುಮತಿ ಬೇಡಬೇಕಾಗಿದೆ. ಪುನರ್ವಸತಿ ಪಡೆದು ಹೊರಟವರು ಹೊರಟರು. ಉಳಿದವರಲ್ಲಿ ಅನೇಕರಿಗೆ ಚಾರಣಿಗರಿಗೆ ಊಟ ಹಾಕುವುದು, ಜೀಪು ಓಡಿಸುವುದು, ದಾರಿ ತೋರುವುದು ಜೀವನಾಧಾರವಾಗಿದೆ. ದಾರಿ ಹಠಾತ್ತನೆ ಮುಚ್ಚಿದಾಗಲೆಲ್ಲ ಮೊದಲು ನಷ್ಟವಾಗುವುದು ಇವರಿಗೆ. ಮನಬಂದಂತೆ ತೆರೆದಾಗ ಮಲಿನವಾಗುವುದೂ ಇವರ ಹಳ್ಳವೇ. ತೆರೆಯುವ ಆಜ್ಞೆಯೂ ಮುಚ್ಚುವ ಆಜ್ಞೆಯೂ ಮೇಲಿನಿಂದಲೇ ಬರುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು ವನ್ಯಜೀವಿ, ಅರಣ್ಯ ಹಾಗೂ ಜಲಮೂಲಗಳನ್ನು ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ಕೊಟ್ಟಿದೆ. ಜಲಮೂಲವನ್ನು ತುಳಿಯುವ ದಾರಿಯ ವಿಷಯದಲ್ಲಿ ಆ ಸಭೆಯನ್ನು ಕೇಳದಿರುವುದು ಯಾವ ನ್ಯಾಯ?

ಊರಿನವರಿಗೇ ಬಿಟ್ಟರೆ ದುಡ್ಡಿನಾಸೆಗೆ ಇನ್ನಷ್ಟು ಜನರನ್ನು ಕರೆದಾರು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ಊರಿನವರೆಲ್ಲ ಋಷಿಗಳಲ್ಲ. ಆದರೆ ಗ್ರಾಮಸಭೆಯಲ್ಲಿ ಜೀಪಿನ ಮಾಲೀಕನ ಎದುರು ಅದೇ ಹಳ್ಳದ ನೀರಿನಿಂದ ತೋಟ ಮಾಡುವವನೂ, ಕೊಡ ಹೊತ್ತು ನೀರು ತರುವವಳೂ ಕೂರುತ್ತಾರೆ. ಅಲ್ಲಿ ಜಗಳವಾಗಲಿ. ಇಲಾಖೆಯ ಕಡತದಲ್ಲಿ ಅಂಥ ಜಗಳಕ್ಕೆ ಜಾಗವೇ ಇಲ್ಲ.

ಬರುವ ಮುಂಗಾರಿಗೆ ಮುನ್ನವೇ ಇಂಥ ಸಭೆಗಳು ಸೇರಿ, ಆಯಾ ದಾರಿಗೆ ಎಷ್ಟು ಜನ, ಯಾವ ತಿಂಗಳು ವಿರಾಮ ಎಂದು ಠರಾವು ಮಾಡಿ ಇಲಾಖೆಗೆ ಕಳುಹಿಸಬೇಕು. ಬರಿಯ ಠರಾವಿಗೆ ಬಲ ಸಾಲದು, ಅಳತೆಯೂ ಬೇಕು. ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳು ಇಲಾಖೆಯ ಅನುಮತಿ ಪಡೆದು ಊರಿನ ದಾರಿಗಾರರೊಡನೆ ಹೋಗಿ, ಗುರುತಿಟ್ಟ ಹತ್ತಾರು ಜಾಗಗಳಲ್ಲಿ ದಾರಿಯ ಅಗಲವನ್ನೂ ಕೊರಕಲಿನ ಆಳವನ್ನೂ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಟೇಪು ಹಿಡಿದು ಅಳೆದರೆ ಸಾಕು. ಎರಡು ಮಳೆಗಾಲ ಕಳೆಯುವುದರೊಳಗೆ ಮುನ್ನೂರರ ಎದುರಿಗಿಡಲು ಗುಡ್ಡದ್ದೇ ಒಂದು ಲೆಕ್ಕ ಕೈಯಲ್ಲಿರುತ್ತದೆ.