ಇದರಾಗ ಹೊಸಾದು ಏನೈತಿ?

ಖಾನಾಪುರದ ಹತ್ತಿರ ನಮ್ಮ ಕಾಕಾನ ಹೊಲದಲ್ಲಿ ಒಂದು ಡಬ್ಬಿ ಇದೆ. ಐದಾರು ವರ್ಷದ ಹಿಂದೆ ನಮ್ಮ ಕಾಲೇಜಿನ ಸೀನಿಯರ್‌ಗಳು ಕೊನೇ ವರ್ಷದ ಪ್ರಾಜೆಕ್ಟ್ ಅಂತ ಮಾಡಿ ಕೂರಿಸಿ ಹೋದದ್ದು. ಆ ಬ್ಯಾಚ್‌ನಲ್ಲಿ ನಮ್ಮೂರಿನ ಹುಡುಗ ಒಬ್ಬ ಇದ್ದ, ಅವರಿಗೆ ಒಂದು ಹೊಲ ಬೇಕಿತ್ತು, ಕಾಕಾ ಹೂಂ ಅಂದಿದ್ದ. ಒಳಗೆ ಒಂದು ಮೈಕ್ರೋಕಂಟ್ರೋಲರ್, ಒಂದು ಸಿಮ್, ಒಂದು ರಿಲೇ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅದು ಬೆಳಗಾವಿಯಲ್ಲಿರೋ ನಮ್ಮ ಡಿಪಾರ್ಟ್‌ಮೆಂಟಿನ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತೆ, ಅಲ್ಲಿಂದ ಕಾಕಾನ ಮೊಬೈಲಿಗೆ. ಕಾಕಾ ಹಾಸಿಗೆಯಲ್ಲೇ ಬಟನ್ ಒತ್ತಿದರೆ ಪಂಪ್‌ಸೆಟ್ ಚಾಲೂ. ನಮ್ಮ ಕಾಲೇಜಿನಲ್ಲಿ ಎಷ್ಟು ಪ್ರಾಜೆಕ್ಟ್ ಆಗಿವೆಯೋ ಗೊತ್ತಿಲ್ಲ, ವೈವಾ ಮುಗಿದ ಮೇಲೂ ದಿನಾ ಬಳಕೆಯಲ್ಲಿರೋದು ನನಗೆ ಗೊತ್ತಿರೋ ಮಟ್ಟಿಗೆ ಇದೊಂದೇ.

ಹೋದ ವರ್ಷ ಸರ್ವರ್‌ನ ಉಬುಂಟು 18.04 ತೆಗೆದು ಹೊಸದು ಹಾಕಿದರು. ಹಾಕಲೇಬೇಕಿತ್ತು, ಅದರ ಸಾಮಾನ್ಯ ಸಪೋರ್ಟ್ 2023ರಲ್ಲೇ ಮುಗಿದಿತ್ತು. ಮಾರನೇ ದಿನ ಕಾಕಾನ ಫೋನ್: "ಏ ತಮ್ಮಾ, ನಿಮ್ಮ ಕಾಲೇಜಿನ ಡಬ್ಬಿ ನಿಂತೈತಿ ನೋಡು. ರಾತ್ರಿ ಎರಡಕ್ಕ ಎದ್ದು ಬ್ಯಾಟರಿ ಹಿಡ್ಕೊಂಡು ಹೊಲಕ್ಕ ಹೋಗಿನಿ."

ಕಾರಣ ಹುಡುಕೋಕೆ ನಮಗೆ ಎರಡು ದಿನ ಬೇಕಾಯ್ತು. ಡಬ್ಬಿ ಮಾತಾಡೋದು ಟಿಎಲ್‌ಎಸ್ 1.0. ಅದು 1999ರದ್ದು. ಐಇಟಿಎಫ್ 2021ರ ಮಾರ್ಚ್‌ನಲ್ಲಿ 1.0 ಮತ್ತು 1.1 ಎರಡನ್ನೂ ಬಳಸಬಾರದು ಎಂದು ಅಧಿಕೃತವಾಗಿ ಹೇಳಿಯಾಗಿದೆ, ಉಬುಂಟು 20.04ರಿಂದ ಈಚೆಗಿನ ಓಪನ್‌ಎಸ್‌ಎಸ್‌ಎಲ್ ತಾನಾಗಿಯೇ 1.2ಕ್ಕಿಂತ ಹಳೆಯದನ್ನು ಒಳಗೆ ಬಿಡೋದಿಲ್ಲ. ಡಬ್ಬಿಯಲ್ಲಿದ್ದದ್ದು ಸಣ್ಣ ಸಾಧನಗಳಿಗೆ ಅಂತ ಬರೆದ ಒಂದು ಹಳೇ ಸಿ ಲೈಬ್ರರಿ. ಸೀನಿಯರ್‌ಗಳು ಅದರ ಫೈಲುಗಳನ್ನೇ ಎತ್ತಿ ತಮ್ಮ ಫೋಲ್ಡರಿಗೆ ಹಾಕಿಕೊಂಡು ಅಲ್ಲಲ್ಲಿ ತಿದ್ದಿದ್ದರು. ಒಂದು ಕಡೆ ಸರ್ವರ್‌ನ ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡಿ, ಪಕ್ಕದಲ್ಲಿ ಕಾಮೆಂಟ್ ಬರೆದಿದ್ದರು: ಟೆಂಪರರಿ, ಆಮೇಲೆ ಸರಿ ಮಾಡಬೇಕು.

ತಕ್ಷಣದ ಪರಿಹಾರ ಅರ್ಧ ಗಂಟೆಯದ್ದು. ಸರ್ವರ್ ಕಾನ್ಫಿಗ್‌ನಲ್ಲಿ ಹಳೇ ಆವೃತ್ತಿಗೆ ಮತ್ತೆ ಬಾಗಿಲು ತೆರೆದರು, ಪಂಪ್ ಶುರುವಾಯ್ತು, ಕಾಕಾ ಖುಷಿ. ಆದರೆ ಒಂದು ಡಬ್ಬಿಗೋಸ್ಕರ ಆ ಸರ್ವರ್‌ನಲ್ಲಿರೋ ಎಲ್ಲದರ ಬಾಗಿಲೂ ಸಡಿಲಾಯ್ತು. ಸರ್ಟಿಫಿಕೇಟ್ ಪರೀಕ್ಷೆ ಇಲ್ಲದ್ದರಿಂದ, ದಾರಿ ಮಧ್ಯೆ ಕೂತ ಯಾರು ಬೇಕಾದರೂ "ನಾನೇ ಸರ್ವರ್" ಅಂತ ಡಬ್ಬಿಗೆ ಹೇಳಬಹುದು. ಬಾವಿಯಲ್ಲಿ ನೀರಿಲ್ಲದಾಗ ಪಂಪ್ ಓಡಿಸಿದರೆ ಮೋಟರ್ ಸುಡುತ್ತೆ. ರಿವೈಂಡಿಂಗ್ ಖರ್ಚು ಕಾಕಾನದು.

ಅದಕ್ಕೆ ನಾವು ನಾಲ್ಕು ಜನ ಸೇರಿ ಇದನ್ನೇ ನಮ್ಮ ಪ್ರಾಜೆಕ್ಟ್ ಮಾಡ್ತೀವಿ ಅಂತ ಹೋದ್ವಿ. ಹೊಸ ಆ್ಯಪ್ ಇಲ್ಲ, ಹೊಸ ಸೆನ್ಸರ್ ಇಲ್ಲ. ಆ ಲೈಬ್ರರಿ ಕೋಡನ್ನು ಬಿಚ್ಚಿ, ಸತ್ತ ಭಾಗ ತೆಗೆದು, ಟೆಸ್ಟ್ ಬರೆದು, ಟಿಎಲ್‌ಎಸ್ 1.2ಕ್ಕೆ ತಂದು, ಸರ್ಟಿಫಿಕೇಟ್ ಪರೀಕ್ಷೆ ಆನ್ ಮಾಡೋದು. ಮೊದಲ ಸ್ಲೈಡ್ ಮುಗಿಯೋ ಮುಂಚೆ ಪ್ರಶ್ನೆ ಬಂತು: "ಅಲ್ರಪಾ, ಇದರಾಗ ಹೊಸಾದು ಏನೈತಿ? ಮೊದಲೂ ಪಂಪ್ ಚಾಲೂ ಆಗ್ತಿತ್ತು, ನೀವು ಮಾಡಿದ ಮ್ಯಾಲೂ ಚಾಲೂ ಆಗ್ತೈತಿ. ಮಾರ್ಕ್ಸ್ ಯಾತಕ್ಕ ಕೊಡೂದು?"

ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅದು ಎಲ್ಲ ಕಾಲೇಜುಗಳಲ್ಲೂ ಕೇಳೋ ಪ್ರಶ್ನೆ. ಆದರೆ ಅದು ತಪ್ಪು ಪ್ರಶ್ನೆ ಅನ್ನೋದು ನನ್ನ ವಾದ. ರಿಫ್ಯಾಕ್ಟರಿಂಗ್ ಅಂದರೆ ಹೊರಗಿನ ನಡವಳಿಕೆ ಬದಲಾಗದ ಹಾಗೆ ಒಳಗಿನದನ್ನು ಸರಿಮಾಡೋದು. ಚೆನ್ನಾಗಿ ಮಾಡಿದರೆ ಹೊರಗೆ ಏನೂ ಕಾಣೋದೇ ಇಲ್ಲ. ಈ ಕೆಲಸ ಯಾರೂ ಮಾಡದೇ ಬಿಟ್ಟರೆ ಏನಾಗುತ್ತೆ ಅನ್ನೋದು ಮಾತ್ರ ಜಗತ್ತಿಗೆಲ್ಲ ಒಮ್ಮೆ ಕಂಡಿದೆ.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಬಯಲಾಯ್ತು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬೀಟ್ ಅನ್ನೋ ಒಂದು ಸೌಲಭ್ಯ ಇತ್ತು: ಒಂದು ಕಡೆಯವರು ಏನೋ ನಾಲ್ಕು ಅಕ್ಷರ ಕಳಿಸಿದರೆ ಇನ್ನೊಂದು ಕಡೆಯವರು ಅದನ್ನೇ ವಾಪಸ್ ಕಳಿಸಬೇಕು, ಸಂಪರ್ಕ ಜೀವಂತ ಇದೆ ಅಂತ ಗೊತ್ತಾಗಲು. ಒಂದೇ ಅಕ್ಷರ ಕಳಿಸಿ "ಇದರ ಉದ್ದ 64 ಕೆಬಿ" ಅಂತ ಸುಳ್ಳು ಹೇಳಿದರೆ, ಸರ್ವರ್ ಅದನ್ನು ನಂಬಿ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಬಾಚಿ ಕೊಡುತ್ತಿತ್ತು. ಪಾಸ್‌ವರ್ಡ್ ಇರಲಿ, ಪ್ರೈವೇಟ್ ಕೀ ಇರಲಿ. 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಿಂದ ಎರಡು ವರ್ಷ ಈ ತಪ್ಪು ಹಾಗೇ ಇತ್ತು.

ತಪ್ಪು ಸಣ್ಣದು, ಉದ್ದ ಪರೀಕ್ಷಿಸದೇ ಬಿಟ್ಟದ್ದು. ನನಗೆ ಹೆಚ್ಚು ಆಶ್ಚರ್ಯ ಆದದ್ದು ಅದು ಅಷ್ಟು ದಿನ ಯಾಕೆ ಸಿಗಲಿಲ್ಲ ಅನ್ನೋದು. ಓಪನ್‌ಎಸ್‌ಎಸ್‌ಎಲ್ ಆಪರೇಟಿಂಗ್ ಸಿಸ್ಟಮ್ ಕೊಡೋ ಮೆಮೊರಿ ವ್ಯವಸ್ಥೆಯ ಮೇಲೆ ತನ್ನದೇ ಒಂದು ಪಟ್ಟಿ ಇಟ್ಟುಕೊಂಡಿತ್ತು. ಬಿಟ್ಟುಕೊಟ್ಟ ಮೆಮೊರಿಯನ್ನು ಸಿಸ್ಟಮ್‌ಗೆ ವಾಪಸ್ ಮಾಡದೇ ತಾನೇ ಮತ್ತೆ ಬಳಸುತ್ತಿತ್ತು. ಯಾವುದೋ ಕಾಲದಲ್ಲಿ ವೇಗಕ್ಕಾಗಿ ಮಾಡಿದ್ದು. ಅದರಿಂದ ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿ ಕಾವಲು ಆ ಕೋಡಿನ ಮಟ್ಟಿಗೆ ಕುರುಡಾಗಿತ್ತು. ಓಪನ್‌ಬಿಎಸ್‌ಡಿಯವರು ಅದೇ ತಿಂಗಳು ಕೋಡನ್ನು ಬೇರೆ ಮಾಡಿಕೊಂಡು ಲಿಬ್ರೆಎಸ್‌ಎಸ್‌ಎಲ್ ಶುರು ಮಾಡಿದರು. ಮೊದಲ ಒಂದು ವಾರದಲ್ಲಿ 90,000ಕ್ಕೂ ಹೆಚ್ಚು ಸಾಲು ಸಿ ಕೋಡ್ ಕಿತ್ತು ಹಾಕಿದರು. ಅದರಲ್ಲಿ ಏನಿತ್ತು ಗೊತ್ತೇನ್ರಿ? ಓಎಸ್/2, ನೆಟ್‌ವೇರ್, 16 ಬಿಟ್ ವಿಂಡೋಸ್‌ಗೆ ಬೇಕಾದ ಕೋಡ್. ನಾವು ಹುಟ್ಟೋ ಮುಂಚೆಯೇ ಮೂಲೆ ಸೇರಿದ ಮಷಿನ್‌ಗಳಿಗಾಗಿ ಬರೆದದ್ದರ ಸಂದಿಯಲ್ಲಿ ಇವತ್ತಿನ ಬ್ಯಾಂಕಿನ ಕೀಲಿ ಓಡಾಡುತ್ತಿತ್ತು. ಅಷ್ಟೊತ್ತಿಗೆ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನಮ್ಮ ಕಾಲೇಜ್ ಫೆಸ್ಟ್‌ನ ಬಜೆಟ್ ಅದಕ್ಕಿಂತ ಜಾಸ್ತಿ.

ಇಷ್ಟು ಹೇಳಿದರೆ, ಹಳೇದನ್ನೆಲ್ಲ ಕಿತ್ತು ಹಾಕೋದೇ ಒಳ್ಳೇದು ಅಂತ ಅನ್ನಿಸಬಹುದು. ಅಲ್ಲ. ಇಲ್ಲಿ ನಮ್ಮ ಮನೆಯದೇ ಒಂದು ಮಾತು. ಖಾನಾಪುರದ ಕಡೆ ಮಳೆ ಹೆಂಗೆ ಹೊಡೀತದೆ ಅಂತ ಹಾಸ್ಟೆಲ್‌ನವರಿಗೆ ಹೇಳಿದರೆ ನಂಬೋದಿಲ್ಲ. ಮಿರಗದ ಮಳೆ ಹಿಡಿಯೋ ಮುಂಚೆ ಪ್ರತಿ ವರ್ಷ ಹಂಚು ಇಳಿಸಿ, ಒಡೆದದ್ದು ಬದಲಿಸಿ, ಕಸ ಜಾಡಿಸಿ ಮತ್ತೆ ಹೊದಿಸಬೇಕು. ಒಂದು ವರ್ಷ ನಾನೇ ಏರಿದ್ದೆ. ಮೂಲೆಯ ಹಂಚಿನ ಮೇಲೆ ಒಂದು ಚಪ್ಪಟೆ ಕಲ್ಲಿತ್ತು, ಕೆಟ್ಟದಾಗಿ ಕಾಣ್ತದೆ ಅಂತ ತೆಗೆದು ಕೆಳಗೆ ಒಗೆದೆ. ಜುಲೈನಲ್ಲಿ ಪಡುವಲ ಗಾಳಿಗೆ ಆ ಮೂಲೆಯ ಹಂಚೆಲ್ಲ ಹಾರಿ ಹೋದವು. ಅಜ್ಜ ಬೈಯಲಿಲ್ಲ, "ಕಲ್ಲು ಸುಮ್ನ ಇಟ್ಟಿದ್ದಿಲ್ಲೋ" ಅಂದ ಅಷ್ಟೇ.

ಕಾಣದ ಕಾರಣಕ್ಕೆ ಇಟ್ಟ ಕಲ್ಲುಗಳು ಸೆಕ್ಯುರಿಟಿ ಕೋಡಿನಲ್ಲಿ ತುಂಬಾ ಇರ್ತವೆ. 2006ರಲ್ಲಿ ಡೆಬಿಯನ್‌ನಲ್ಲಿ ಆದದ್ದು ನೋಡಿ. ವಾಲ್‌ಗ್ರೈಂಡ್ ಅನ್ನೋ ಪರೀಕ್ಷಾ ಸಾಧನ ಓಪನ್‌ಎಸ್‌ಎಸ್‌ಎಲ್‌ನ ಎರಡು ಸಾಲುಗಳ ಬಗ್ಗೆ ಗೊಣಗುತ್ತಿತ್ತು, ಬೆಲೆ ತುಂಬದ ಮೆಮೊರಿ ಬಳಕೆ ಆಗ್ತಿದೆ ಅಂತ. ಎಚ್ಚರಿಕೆ ಹೋಗಲಿ ಅಂತ ಆ ಎರಡು ಸಾಲುಗಳನ್ನು ಕಾಮೆಂಟ್ ಮಾಡಿದರು. ಮಾಡೋ ಮುಂಚೆ ಡೆವಲಪರ್‌ಗಳ ಪಟ್ಟಿಯಲ್ಲಿ ಕೇಳಿಯೂ ಇದ್ದರು. ಅದರಲ್ಲಿ ಒಂದು ಸಾಲು ರ್‍ಯಾಂಡಮ್ ಸಂಖ್ಯೆಗೆ ಬೇಕಾದ ಅನಿಶ್ಚಿತತೆಯೆಲ್ಲ ಒಳಗೆ ಬರೋ ದಾರಿಯಾಗಿತ್ತು. ಅದು ಮುಚ್ಚಿದ ಮೇಲೆ ಉಳಿದದ್ದು ಪ್ರೋಸೆಸ್ ಐಡಿ ಮಾತ್ರ. ಅಂದರೆ ಒಂದು ಬಗೆಯ ಮಷಿನ್‌ನಲ್ಲಿ, ಒಂದು ಬಗೆಯ ಕೀಲಿಗೆ, ಹೆಚ್ಚೆಂದರೆ 32,768 ಸಾಧ್ಯತೆ. ಲ್ಯಾಪ್‌ಟಾಪ್‌ನಲ್ಲೇ ಎಲ್ಲ ಕೀಲಿ ಮಾಡಿಟ್ಟುಕೊಳ್ಳಬಹುದು. ಇದು ಬಯಲಾಗಿದ್ದು 2008ರ ಮೇನಲ್ಲಿ.

ಇನ್ನೊಂದು ಇತ್ತೀಚಿನದು, ನಾವು ಲ್ಯಾಬ್‌ನಲ್ಲಿ ದಿನಾ ಬಳಸೋ ಓಪನ್‌ಎಸ್‌ಎಸ್‌ಎಚ್‌ನದು. ಲಾಗಿನ್ ಸಮಯ ಮೀರಿದಾಗ ಓಡೋ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಅಪಾಯದ ಫಂಕ್ಷನ್ ಕರೆಯೋ ತಪ್ಪನ್ನು 2006ರಲ್ಲೇ ಸರಿಮಾಡಿದ್ದರು. 2020ರ ಅಕ್ಟೋಬರ್‌ನಲ್ಲಿ ಲಾಗ್ ಬರೆಯೋ ಭಾಗವನ್ನು ಹೊಸದಾಗಿ ಜೋಡಿಸುವಾಗ, ಆ ತಪ್ಪನ್ನು ತಡೆಹಿಡಿದಿದ್ದ ಒಂದು ಇಫ್‌ಡೆಫ್ ಸಾಲು ಕಣ್ತಪ್ಪಿನಿಂದ ಹೋಯ್ತು. ಹಳೇ ರಂಧ್ರ ಮತ್ತೆ ತೆರೆಯಿತು. 2021ರ ಮಾರ್ಚ್‌ನ 8.5ಪಿ1 ಆವೃತ್ತಿಯಲ್ಲಿ ಎಲ್ಲರ ಮಷಿನ್‌ಗೂ ಬಂತು. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆಯವರು ಹೇಳೋವರೆಗೆ ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಮಾಡಿದವರು ಎಳಸು ಕೈಯವರಲ್ಲ, ಜಗತ್ತಿನಲ್ಲೇ ಅತಿ ಎಚ್ಚರಿಕೆಯಿಂದ ಸಿ ಬರೆಯೋ ಗುಂಪು.

ನಮ್ಮ ಡಬ್ಬಿಯ ಲೈಬ್ರರಿಯಲ್ಲೂ ಇಂಥ ಕಲ್ಲು ಸಿಕ್ಕವು. ಎರಡು ಬೈಟ್ ಸಾಲುಗಳನ್ನು ಹೋಲಿಸೋ ಒಂದು ಫಂಕ್ಷನ್: ಮೊದಲ ಬೈಟೇ ಬೇರೆ ಇದ್ದರೂ ಕೊನೇವರೆಗೆ ಓಡುತ್ತೆ. ನಮ್ಮಲ್ಲೊಬ್ಬ "ಎಷ್ಟು ದಡ್ಡ ಕೋಡ್" ಅಂತ ಅದನ್ನು ತೆಗೆದು ಮೆಮ್‌ಕಂಪ್ ಹಾಕಲು ಹೊರಟಿದ್ದ. ಅದು ಬೇಕಂತಲೇ ಹಾಗಿದೆ. ತಪ್ಪು ಸಿಕ್ಕ ಕೂಡಲೇ ನಿಲ್ಲಿಸಿದರೆ, ಉತ್ತರ ಬರೋಕೆ ಹಿಡಿದ ಸಮಯ ಅಳೆದು ಎಷ್ಟು ಬೈಟ್ ಸರಿ ಇತ್ತು ಅಂತ ಹೊರಗಿನವರು ಊಹಿಸಬಹುದು. ಇದಕ್ಕೆ ಉಲ್ಟಾ ಕೂಡ ಇದೆ: ಬಳಸಿದ ಕೀಲಿಯನ್ನು ಮೆಮೊರಿಯಿಂದ ಅಳಿಸಲು ಹಾಕಿದ ಮೆಮ್‌ಸೆಟ್. ನೋಡೋಕೆ ಸರಿಯಾಗೇ ಇದೆ. ಆದರೆ ಆಮೇಲೆ ಆ ಮೆಮೊರಿಯನ್ನು ಯಾರೂ ಓದೋದಿಲ್ಲ ಅಂತ ಕಂಪೈಲರ್ ಆ ಸಾಲನ್ನೇ ಹಾರಿಸಿಬಿಡಬಹುದು. ಕೀಲಿ ಅಲ್ಲೇ ಉಳಿಯುತ್ತೆ. ಸಿ ಪ್ರೋಗ್ರಾಮಿಂಗ್ ಲ್ಯಾಬ್ ಮುಗಿಸಿ ಎರಡು ವರ್ಷ ಆದಮೇಲೆ, ಸಿ ಅಂದರೆ ಏನು ಅಂತ ನನಗೆ ಮೊದಲ ಸಲ ಅರ್ಥ ಆದದ್ದು ಈ ಎರಡು ಫಂಕ್ಷನ್ ಮುಂದೆ ಕೂತಾಗ.

"ಇಷ್ಟೆಲ್ಲ ಯಾಕೆ, ರಸ್ಟ್‌ನಲ್ಲಿ ಹೊಸದಾಗಿ ಬರೆದರಾಯ್ತು" ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅರ್ಧ ಒಪ್ತೀನಿ. ಹಾರ್ಟ್‌ಬ್ಲೀಡ್‌ನಂಥದ್ದು ಆ ರೂಪದಲ್ಲಿ ರಸ್ಟ್‌ನಲ್ಲಿ ಆಗ್ತಿರಲಿಲ್ಲ, ಅಳತೆ ಮೀರಿದ ಓದನ್ನು ಭಾಷೆಯೇ ತಡೆಯುತ್ತೆ. ರಸ್ಟ್‌ಎಲ್‌ಎಸ್ ಒಳ್ಳೇ ಕೆಲಸ. ಆದರೆ ಡೆಬಿಯನ್‌ನ ತಪ್ಪು ಯಾವ ಭಾಷೆಯಲ್ಲೂ ಆಗಬಹುದಿತ್ತು. ಸರ್ಟಿಫಿಕೇಟ್ ಪರೀಕ್ಷೆ ಆಫ್ ಮಾಡೋ ಸಾಲನ್ನು ರಸ್ಟ್‌ನಲ್ಲೂ ಬರೀಬಹುದು. ಮತ್ತೆ ಕಾಕಾನ ಡಬ್ಬಿಯಂಥವು ಸಾವಿರಗಟ್ಟಲೆ ಹೊಲದಲ್ಲಿ, ಮೀಟರ್‌ನಲ್ಲಿ, ಅಂಗಡಿಯಲ್ಲಿ ಕೂತಿವೆ. ಅವನ್ನೆಲ್ಲ ಹೊಸದಾಗಿ ಬರೆಯೋವರೆಗೆ ಇದ್ದದ್ದನ್ನು ಯಾರಾದರೂ ನೋಡಿಕೊಳ್ಳಲೇಬೇಕು.

ಇದಕ್ಕೆ ದುಡ್ಡಿಲ್ಲ, ಕೆಲಸ ಇಲ್ಲ ಅನ್ನೋದೂ ಹಳೇ ಮಾತು. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡೋ ನಿಧಿ ಶುರು ಮಾಡಿತು. ಹೊಸ ಐಡಿಯಾಕ್ಕಷ್ಟೇ ಅಲ್ಲ, ಈಗಾಗಲೇ ಇದ್ದು ಎಲ್ಲರೂ ಬಳಸೋ ತಂತ್ರಾಂಶ ಉಳಿಯಲಿ ಅಂತ. ಮಚ್ಛೆಯ ಜ್ಞಾನ ಸಂಗಮದಿಂದ ರಿಸಲ್ಟ್ ಬಿಡೋ ದಿನ ನಾವೆಲ್ಲ ಮೊಬೈಲ್ ಹಿಡ್ಕೊಂಡು ಕೂರ್ತೀವಲ್ಲ, ಅಡ್ರೆಸ್ ಮುಂದಿನ ಆ ಬೀಗದ ಚಿತ್ರದ ಹಿಂದೆ ಇಂಥದೇ ಯಾವುದೋ ಲೈಬ್ರರಿ ಇರುತ್ತೆ.

ಮಾರ್ಕ್ಸ್ ಕೊಡೋದು ಹೇಗೆ ಅನ್ನೋದು ನಿಜವಾದ ತೊಂದರೆ, ಅದನ್ನು ಒಪ್ಪಬೇಕು. ಡೆಮೋದಲ್ಲಿ ತೋರಿಸೋಕೆ ಏನೂ ಇರೋದಿಲ್ಲ. ನನ್ನ ಪ್ರಕಾರ ಕಮಿಟ್ ಇತಿಹಾಸವನ್ನೇ ನೋಡಬೇಕು. ಕೈ ಹಚ್ಚೋ ಮುಂಚೆ ಟೆಸ್ಟ್ ಬರೆದರೋ? ತೆಗೆದ ಪ್ರತಿ ಸಾಲಿಗೆ ಅದು ಯಾಕಿತ್ತು, ಯಾಕೆ ಹೋಯ್ತು ಅಂತ ಬರೆದರೋ? ಸ್ಪೇಸ್, ಬ್ರೇಸ್ ಸರಿಮಾಡೋದನ್ನು ಅರ್ಥ ಬದಲಾಗೋ ತಿದ್ದುಪಡಿ ಜೊತೆ ಕಲಸಿದರೋ, ಬೇರೆ ಇಟ್ಟರೋ? ಓಪನ್‌ಎಸ್‌ಎಸ್‌ಎಲ್‌ನವರು 2015ರ ಜನವರಿಯಲ್ಲಿ ಇಡೀ ಕೋಡನ್ನು ಒಂದೇ ಶೈಲಿಗೆ ತಂದಾಗ ಅದನ್ನು ಸ್ಕ್ರಿಪ್ಟ್‌ನಿಂದ, ಪ್ರತ್ಯೇಕವಾಗಿ ಮಾಡಿದರು. ಆಮೇಲೆ ನೋಡೋರಿಗೆ ನಿಜವಾದ ಬದಲಾವಣೆ ಕಾಣಲಿ ಅಂತ. ವೈವಾದಲ್ಲಿ ಯಾವುದಾದರೂ ಒಂದು ಸಾಲು ತೋರಿಸಿ "ಇದನ್ನ ತೆಗೆದರೆ ಏನಾಗ್ತೈತಿ?" ಅಂತ ಕೇಳಿ. ಗಿಟ್‌ಹಬ್‌ನಿಂದ ಎತ್ತಿಕೊಂಡು ಬಂದವರು ಅಲ್ಲೇ ಸಿಕ್ಕಿಬೀಳ್ತಾರೆ. ಈಗಿನ ಪದ್ಧತಿಯಲ್ಲಿ ಮುಖ ಗುರುತಿಸೋ ಅಟೆಂಡೆನ್ಸ್ ಸಿಸ್ಟಮ್ ಪ್ರತಿ ವರ್ಷ "ಹೊಸದು" ಅಂತ ಪಾಸಾಗ್ತಿದೆ.

ನಮ್ಮ ವಿಷಯ ಒಪ್ಪಲಿಲ್ಲ, ಬೇರೆ ತಗೊಂಡಿದ್ದೀವಿ, ಅದೇನಂತ ಹೇಳೋಕೆ ನಾಚಿಕೆ. ಡಬ್ಬಿ ಕೆಲಸ ಶನಿವಾರ ಸಂಜೆ ನಡೀತಿದೆ. ಇಲ್ಲಿವರೆಗೆ 43 ಟೆಸ್ಟ್ ಆಗಿವೆ, ಟಿಎಲ್‌ಎಸ್ 1.2 ಹ್ಯಾಂಡ್‌ಶೇಕ್ ಹತ್ತರಲ್ಲಿ ಏಳು ಸಲ ಆಗ್ತಿದೆ, ಉಳಿದ ಮೂರು ಸಲ ಮೆಮೊರಿ ಸಾಲ್ತಿಲ್ಲ. ಆರನೇ ಸೆಮ್‌ನವರು ಯಾರಿಗಾದರೂ ಆಸಕ್ತಿ ಇದ್ದರೆ ಸಂಘದ ರೂಮಿಗೆ ಬನ್ನಿ, ಕೋಡ್, ಟೆಸ್ಟ್, ನಮ್ಮ ಟಿಪ್ಪಣಿ ಎಲ್ಲ ಕೊಡ್ತೀವಿ. ಬೋರ್ಡ್‌ನಲ್ಲಿ ಹಾಕಿ ನೋಡಬೇಕು ಅಂದರೆ ಖಾನಾಪುರಕ್ಕೆ ಬರಬೇಕಾಗ್ತದೆ. ಕಾಕಿ ಊಟ ಹಾಕದೇ ಕಳಿಸೋದಿಲ್ಲ.